ದಿವಾನ್ ರಂಗಾಚಾರ್ಲು

1881ನೆಯ ಇಸವಿ ಮಾರ್ಚ್ ತಿಂಗಳ 25ನೆಯ ದಿನ. ಮೈಸೂರು ನಗರದಲ್ಲಿ ಅಂದು ಸಂಭ್ರಮವೋ ಸಂಭ್ರಮ. ಹದಿನೆಂಟು ವರ್ಷದ ತರುಣ ಚಾಮರಾಜೇಂದ್ರ ಒಡೆಯರು ರಾಜ್ಯಾಧಿಕಾರವನ್ನು ವಹಿಸಿಕೊಳ್ಳುವ ಸಮಾರಂಭವನ್ನು ನೋಡಲು ದೂರದೂರದ ಊರುಗಳಿಂದ ಜನ ಬಂದು ನೆರೆದಿದ್ದರು. ಐವತ್ತು ವರ್ಷಗಳ ಕಾಲ ಬ್ರಿಟಿಷ್ ಕಮೀಷನರುಗಳ ಕೈಯಲ್ಲಿದ್ದ ರಾಜ್ಯವು ಮತ್ತೆ ತನ್ನ ಅರಸರ ವಶಕ್ಕೆ ಬಂದಿತ್ತು. ಕಳೆದುಹೋಯಿತೆಂದು ಭಾವಿಸಿದ್ದ ನಿಧಿ ಮರಳಿ ದೊರೆತಂತೆ ಪ್ರಜೆಗಳು ಹರ್ಷಿಸಿದರು. ಆದರೆ ಆ ಹರ್ಷದ ನಡುವೆಯೂ ಒಬ್ಬ ವ್ಯಕ್ತಿಯ ಮನಸ್ಸಿನಲ್ಲಿ ಲೆಕ್ಕಗಳೇ ತುಂಬಿದ್ದಿರಬೇಕು. ಬೊಕ್ಕಸದಲ್ಲಿ ಎಷ್ಟಿದೆ, ಸಾಲವೆಷ್ಟು, ಕಪ್ಪಕಾಣಿಕೆಯೆಷ್ಟು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಆ ಸಭೆಯಲ್ಲಿ ಹೆಚ್ಚು ಮಂದಿ ಇರಲಿಲ್ಲ. ಅವರೇ ಅಂದು ದಿವಾನ ಪದವಿಯನ್ನು ಸ್ವೀಕರಿಸಿದ ಸಿ.ವಿ. ರಂಗಾಚಾರ್ಲು ಅವರು.

ರಂಗಾಚಾರ್ಲು ಅವರು ಹುಟ್ಟಿದ್ದು 1831ರಲ್ಲಿ. ಮೈಸೂರಿನ ಅರಸರ ಕೈಯಿಂದ ರಾಜ್ಯಾಡಳಿತವು ಬ್ರಿಟಿಷರ ಕೈಗೆ ಹೋದದ್ದೂ ಅದೇ ವರ್ಷ. ಇದೊಂದು ಆಕಸ್ಮಿಕ, ಆದರೂ ಗಮನಿಸತಕ್ಕ ಆಕಸ್ಮಿಕ. ಅವರ ಹುಟ್ಟೂರು ಮದರಾಸು ಪ್ರಾಂತದ ಚೆಂಗಲ್ಪಟ್ಟು ಜಿಲ್ಲೆಯ ಒಂದು ಹಳ್ಳಿ. ಮನೆತನ ಶ್ರೀವೈಷ್ಣವರದು. ತಂದೆ ಕಲೆಕ್ಟರ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಸಿರಿವಂತಿಕೆ ಇರಲಿಲ್ಲ. ಮದರಾಸಿನಲ್ಲಿ ಮ್ಯಾಜಿಸ್ಟ್ರೇಟರಾಗಿದ್ದ ಬಂಧುಗಳೊಬ್ಬರ ಆಸರೆಯಿಂದ ಬಾಲಕನಿಗೆ ಇಂಗ್ಲಿಷ್ ವಿದ್ಯಾಭ್ಯಾಸ ದೊರೆಯಿತು. ಮದರಾಸಿನ ಹೈಸ್ಕೂಲಿನಲ್ಲಿ ಆಗ ಪೊವೆಲ್ ಎಂಬ ಹೆಸರಾಂತ ಉಪಾಧ್ಯಾಯರಿದ್ದರು. ಅವರ ಶಿಷ್ಯರಾಗಿ ರಂಗಾಚಾರ್ಲು ಅವರು ವ್ಯಾಸಂಗವನ್ನು ಮುಗಿಸಿ, ತಂದೆಯಂತೆಯೇ ಕಲೆಕ್ಟರ ಕಚೇರಿಯ ಕೆಳಹಂತದ ಕೆಲಸದಿಂದ ಜೀವನವನ್ನು ಆರಂಭಿಸಿದರು.

ಕಚೇರಿಯೆಂಬುದು ಬಹುಮಂದಿಗೆ ಹೊಟ್ಟೆಪಾಡಿನ ತಾಣ. ರಂಗಾಚಾರ್ಲು ಅವರಿಗೆ ಅದು ಪಾಠಶಾಲೆಯೂ ಆಯಿತು. ರೈತನ ಒಂದು ಅರ್ಜಿ ಗ್ರಾಮದಿಂದ ಹೊರಟು ತಾಲ್ಲೂಕು ಕಚೇರಿಯನ್ನು ಮುಟ್ಟಿ, ಅಲ್ಲಿಂದ ಜಿಲ್ಲಾ ಕಚೇರಿಗೆ ಹೋಗಿ, ಅಪ್ಪಣೆಯೊಡನೆ ಹಿಂದಿರುಗುವ ಹೊತ್ತಿಗೆ ಎಷ್ಟು ಕೈಗಳನ್ನು ದಾಟಬೇಕು, ಯಾವ ಕೈ ಎಲ್ಲಿ ಅದನ್ನು ತಡೆಹಿಡಿಯುತ್ತದೆ, ಏಕೆ ತಡೆಹಿಡಿಯುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡರು. ಆ ಕಾಲದಲ್ಲಿಯೇ ಅವರು ಕಂದಾಯ ಇಲಾಖೆಯ ಲಂಚಗುಳಿತನವನ್ನು ಕುರಿತೂ ಭೂಮಿಯ ಮಿರಾಸಿ ಹಕ್ಕನ್ನು ಕುರಿತೂ ಎರಡು ಲೇಖನಗಳನ್ನು ಬರೆದು ಪ್ರಕಟಿಸಿದರು. ಸರಕಾರದ ಅನ್ನವನ್ನು ಉಣ್ಣುತ್ತಾ ಸರಕಾರಿ ನೌಕರರ ಲಂಚವನ್ನು ಕುರಿತು ಬರೆಯುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಮೇಲಧಿಕಾರಿಗಳು ಅವರ ಪ್ರತಿಭೆಯನ್ನು ಗುರುತಿಸಿದರು. ಇನಾಮು ಭೂಮಿಗಳ ಹಕ್ಕುಗಳನ್ನು ಇತ್ಯರ್ಥಪಡಿಸಲು ನೇಮಕವಾಗಿದ್ದ ಆಯೋಗದಲ್ಲಿ ಅವರಿಗೆ ಕೆಲಸ ದೊರೆಯಿತು. ಬಳಿಕ ಅವರು ಕಲ್ಲಿಕೋಟೆಯಲ್ಲಿ ಡೆಪ್ಯುಟಿ ಕಲೆಕ್ಟರರಾದರು.

ಅವರನ್ನು ಮೈಸೂರಿಗೆ ಕರೆತಂದುದು ಒಂದು ಸಾವು. 1868ರ ಮಾರ್ಚ್ ತಿಂಗಳಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. 1831ರಲ್ಲಿ ನಗರದ ರೈತರ ದಂಗೆಯನ್ನು ಕಾರಣವಾಗಿ ತೋರಿಸಿ ಬ್ರಿಟಿಷರು ಅವರಿಂದ ಆಡಳಿತವನ್ನು ಕಿತ್ತುಕೊಂಡಿದ್ದರು. ಅದನ್ನು ಮರಳಿ ಪಡೆಯಲು ವೃದ್ಧ ಮಹಾರಾಜರು ಹಲವಾರು ವರ್ಷಗಳ ಕಾಲ ಪತ್ರವ್ಯವಹಾರ ನಡೆಸಿದರು. ಕಡೆಗೆ 1867ರಲ್ಲಿ, ಅವರ ದತ್ತುಪುತ್ರನು ಪ್ರಾಪ್ತವಯಸ್ಕನಾದಾಗ ರಾಜ್ಯವನ್ನು ಅವನಿಗೆ ಒಪ್ಪಿಸುವುದೆಂದು ಲಂಡನ್ನಿನಲ್ಲಿ ತೀರ್ಮಾನವಾಯಿತು. ಆ ತೀರ್ಮಾನಕ್ಕೆ ಸಹಿ ಹಾಕಿದ ಭಾರತ ಮಂತ್ರಿ ಸರ್ ಸ್ಟಾಫರ್ಡ್ ನಾರ್ತ್‌ಕೋಟ್ ಅವರು. ಇಂಗ್ಲೆಂಡಿನಲ್ಲಿ ಸರಕಾರಿ ನೌಕರಿಯನ್ನು ಶಿಫಾರಸಿನ ಮೇಲೆ ಕೊಡಬಾರದು, ಪರೀಕ್ಷೆ ನಡೆಸಿ ಯೋಗ್ಯರಿಗೆ ಕೊಡಬೇಕು ಎಂದು 1854ರಲ್ಲಿ ಪ್ರಕಟವಾದ ವರದಿಯಲ್ಲಿ ವಾದಿಸಿದ ಇಬ್ಬರಲ್ಲಿ ಅವರೂ ಒಬ್ಬರೆಂಬುದನ್ನು ಇಲ್ಲಿ ನೆನೆಯಬಹುದು.

ಮಹಾರಾಜರು ತೀರಿಕೊಂಡಾಗ ಅರಮನೆಯ ವ್ಯವಹಾರಗಳು ಗೋಜಲಾಗಿದ್ದವು. ಸಾಲಗಾರರು ಒಂದೆಡೆ, ಹಕ್ಕುದಾರರು ಇನ್ನೊಂದೆಡೆ. ಯಾರಿಗೆ ಎಷ್ಟು ಸಲ್ಲಬೇಕೆಂಬುದಕ್ಕೆ ಸರಿಯಾದ ಲೆಕ್ಕವಿರಲಿಲ್ಲ. ಇದನ್ನೆಲ್ಲ ಬಿಡಿಸಲು ನೇಮಕವಾದ ಮೇಜರ್ ಎಲಿಯಟ್ ಅವರಿಗೆ ನೆರವಾಗಲು ರಂಗಾಚಾರ್ಲು ಅವರು ಮೈಸೂರಿಗೆ ಬಂದರು. ಕೆಲಸ ಮುಗಿದ ಮೇಲೆಯೂ ಅವರು ಹಿಂದಿರುಗಲಿಲ್ಲ. ಅರಮನೆಯ ಕಂಟ್ರೋಲರಾಗಿ ನಿಂತು ಅದರ ವೆಚ್ಚವನ್ನು ಹತೋಟಿಗೆ ತಂದರು. ಬಾಲಕ ಮಹಾರಾಜರ ಬೆಳವಣಿಗೆಯನ್ನು ಹತ್ತಿರದಿಂದ ಕಂಡರು. ಅದೇ ವರ್ಷ ಕಲ್ಲಿಕೋಟೆಯಿಂದ ಇನ್ನೊಬ್ಬ ತರುಣನೂ ಅವರ ಜಾಡಿನಲ್ಲಿ ಮೈಸೂರು ಸೇವೆಗೆ ಬಂದನು. ಆತನ ಹೆಸರು ಕೆ. ಶೇಷಾದ್ರಿ ಅಯ್ಯರ್.

ಆಗಿನ ಬ್ರಿಟಿಷ್ ಆಡಳಿತವನ್ನು ಕೆಟ್ಟದ್ದೆಂದು ಒಮ್ಮೆಗೇ ತಳ್ಳಿಹಾಕುವುದು ಸರಿಯಲ್ಲ. ಮಾರ್ಕ್ ಕಬ್ಬನ್ ಅವರು ನೂರಾರು ಸಣ್ಣಪುಟ್ಟ ತೆರಿಗೆಗಳನ್ನು ರದ್ದುಪಡಿಸಿದ್ದರು, ರಸ್ತೆಗಳನ್ನು ಹಾಕಿಸಿದ್ದರು. ಬೌರಿಂಗ್ ಅವರು ರಾಜ್ಯವನ್ನು ಎಂಟು ಜಿಲ್ಲೆಗಳಾಗಿ ವಿಂಗಡಿಸಿ ಡೆಪ್ಯುಟಿ ಕಮೀಷನರುಗಳನ್ನು ನೇಮಿಸಿದರು. ಭೂಮಿಯ ಅಳತೆಗೆ ಏರ್ಪಾಡು ಮಾಡಿದರು. ಬೆಂಗಳೂರಿನಲ್ಲಿ ಈಗ ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯ ಕೆಂಪು ಕಟ್ಟಡವು ಪೂರ್ಣಗೊಂಡು ಸರಕಾರದ ಇಲಾಖೆಗಳು ಅಲ್ಲಿಗೆ ಬಂದದ್ದು 1868ರಲ್ಲಿಯೇ. ಆದರೆ ಇಲಾಖೆಗಳು ಬೆಳೆದಂತೆ ಅವುಗಳ ಮೇಲ್ಪದವಿಗಳಿಗೆ ದೊಡ್ಡ ಸಂಬಳದ ಯೂರೋಪಿಯನ್ನರು ಬಂದು ತುಂಬಿಕೊಂಡರು. ಆ ಕೆಲಸವನ್ನೇ ಕಡಮೆ ವೇತನಕ್ಕೆ ಸಮರ್ಥವಾಗಿ ಮಾಡಬಲ್ಲ ಈ ದೇಶದ ಜನ ಕೆಳಗಿನ ಮೆಟ್ಟಿಲುಗಳಲ್ಲಿಯೇ ನಿಂತಿದ್ದರು. ಇದನ್ನು ರಂಗಾಚಾರ್ಲು ಅವರು ಒಪ್ಪಲಿಲ್ಲ. 1874ರಲ್ಲಿ ಮೈಸೂರಿನ ಬ್ರಿಟಿಷ್ ಆಡಳಿತವನ್ನು ಕುರಿತ ಕಿರುಹೊತ್ತಗೆಯೊಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಮೇಲೆ ಲೇಖಕರ ಹೆಸರಿರಲಿಲ್ಲ. ಮೈಸೂರಿನವನೊಬ್ಬನೆಂದು ಮಾತ್ರ ಇತ್ತು. ಬರೆದವರು ರಂಗಾಚಾರ್ಲು ಅವರೇ. ಚೆಂಗಲ್ಪಟ್ಟಿನಲ್ಲಿ ಹುಟ್ಟಿದವರು ತಮ್ಮನ್ನು ಮೈಸೂರಿನವನೆಂದು ಕರೆದುಕೊಂಡದ್ದು ಕೇವಲ ಗುಟ್ಟನ್ನು ಕಾಪಾಡುವ ಉಪಾಯವೆಂದು ನಾವು ತಿಳಿಯಬೇಕಾಗಿಲ್ಲ.

ಇದಾದ ಎರಡು ವರ್ಷಗಳಿಗೆ ಘೋರವಾದ ಕ್ಷಾಮ ಬಂದೆರಗಿತು. 1876ರಿಂದ 1878ರ ವರೆಗೆ ಮಳೆ ಕೈಕೊಟ್ಟು, ಬೆಳೆ ಒಣಗಿ, ದನಕರುಗಳು ಸತ್ತು, ಜನರು ಊರುಗಳನ್ನು ತೊರೆದು ಬೀದಿಪಾಲಾದರು. ಧಾತು ಈಶ್ವರ ಸಂವತ್ಸರಗಳ ಆ ಬರವನ್ನು ಹಳ್ಳಿಗರು ತಲೆಮಾರುಗಳ ವರೆಗೆ ಮರೆಯಲಿಲ್ಲ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412 ಆಗಿತ್ತು. ಹತ್ತು ವರ್ಷಗಳ ಬಳಿಕ, ಅಂದರೆ ರಂಗಾಚಾರ್ಲು ಅವರು ದಿವಾನರಾದ ವರ್ಷ, ಅದು 41,86,188ಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಸಂಖ್ಯೆಯು ಎಂಟು ಲಕ್ಷದ ಅರುವತ್ತೊಂಬತ್ತು ಸಾವಿರದಷ್ಟು ಕುಗ್ಗಿತ್ತೆಂದರೆ, ಆ ಮಡಿದವರ ಮನೆಗಳನ್ನೂ ಬೀಳುಬಿದ್ದ ಅವರ ಹೊಲಗಳನ್ನೂ ಊಹಿಸಿಕೊಳ್ಳಬಹುದು. ಬೊಕ್ಕಸದಲ್ಲಿ ಕೂಡಿಟ್ಟಿದ್ದ ಹಣವೆಲ್ಲ ಕರಗಿತು. ಸಾಲದೆಂದು ಭಾರತ ಸರಕಾರದಿಂದ 80 ಲಕ್ಷ ರೂಪಾಯಿ ಸಾಲವನ್ನು ತರಬೇಕಾಯಿತು.

ಹೊಸ ದಿವಾನರ ಮುಂದಿದ್ದ ಲೆಕ್ಕವನ್ನು ಈಗ ನೋಡೋಣ. ಸಂಸ್ಥಾನದ ವಾರ್ಷಿಕ ಆದಾಯ ಒಂದು ಕೋಟಿ ರೂಪಾಯಿಯ ಆಸುಪಾಸಿನಲ್ಲಿತ್ತು. ಬ್ರಿಟಿಷರಿಗೆ ಪ್ರತಿವರ್ಷ ಸಲ್ಲಿಸಬೇಕಾದ ಕಪ್ಪ ಇಪ್ಪತ್ತನಾಲ್ಕೂವರೆ ಲಕ್ಷ. ಅದನ್ನು 35 ಲಕ್ಷಕ್ಕೆ ಏರಿಸಲಾಗಿತ್ತು. ಕ್ಷಾಮದ ಕಾರಣದಿಂದ ಏರಿಕೆಯ ಭಾಗವನ್ನು ಮಾತ್ರ ಐದು ವರ್ಷ ಮುಂದಕ್ಕೆ ಹಾಕಿದ್ದರು. ಕ್ಷಾಮದ ಸಾಲಕ್ಕೆ ಶೇಕಡ 5ರಂತೆ ಬಡ್ಡಿಯೇ ವರ್ಷಕ್ಕೆ 4 ಲಕ್ಷ. ಎಂದರೆ ಒಂದು ಶಾಲೆಗೆ, ಒಂದು ಕೆರೆಯ ಏರಿಗೆ, ಒಬ್ಬ ಜವಾನನ ಸಂಬಳಕ್ಕೆ ಕಾಸು ಬಿಚ್ಚುವ ಮೊದಲೇ ಆದಾಯದ ಕಾಲುಭಾಗಕ್ಕೂ ಹೆಚ್ಚು ಹಣ ಸಂಸ್ಥಾನದ ಗಡಿ ದಾಟಿ ಹೋಗುತ್ತಿತ್ತು.

ಹಣದ ಕಷ್ಟ ಒಂದಾದರೆ ಷರತ್ತುಗಳ ಕಟ್ಟು ಇನ್ನೊಂದು. ರಾಜ್ಯವನ್ನು ಒಪ್ಪಿಸಿದ ಹಸ್ತಾಂತರ ಪತ್ರದಲ್ಲಿ 24 ಷರತ್ತುಗಳಿದ್ದವು. ಆಗ ಜಾರಿಯಲ್ಲಿದ್ದ ಕಾನೂನುಗಳನ್ನು ಗವರ್ನರ್ ಜನರಲರ ಒಪ್ಪಿಗೆಯಿಲ್ಲದೆ ಬದಲಾಯಿಸುವಂತಿರಲಿಲ್ಲ. ಆಡಳಿತ ಪದ್ಧತಿಯಲ್ಲಿಯೂ ಮಹತ್ತರವಾದ ಮಾರ್ಪಾಡು ಮಾಡುವಂತಿರಲಿಲ್ಲ. ಷರತ್ತುಗಳನ್ನು ಮೀರಿದರೆ, ಪ್ರಜೆಗಳ ಕ್ಷೇಮಕ್ಕೆ ಕುಂದುಬಂದಿತೆಂದು ಕಂಡರೆ, ರಾಜ್ಯವನ್ನು ಹಿಂದಕ್ಕೆ ಪಡೆಯುವ ಅಧಿಕಾರವನ್ನು ಬ್ರಿಟಿಷರು ಇಟ್ಟುಕೊಂಡಿದ್ದರು. ನಿನ್ನೆಯವರೆಗೆ ಚೀಫ್ ಕಮೀಷನರಾಗಿದ್ದ ಗಾರ್ಡನ್ ಅವರೇ ಇಂದು ರೆಸಿಡೆಂಟರಾಗಿ ಪಕ್ಕದಲ್ಲಿ ಕುಳಿತಿದ್ದರು. ಭಾರತೀಯರಿಗೆ ರಾಜ್ಯವಾಳುವ ಯೋಗ್ಯತೆ ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಮೈಸೂರು ಒಂದು ಪರೀಕ್ಷೆಯಾಯಿತು. ಎಡವಿದರೆ ಬೀಳುವುದು ದಿವಾನರೊಬ್ಬರೇ ಅಲ್ಲ, ಐವತ್ತು ವರ್ಷಗಳ ಪ್ರಯತ್ನದ ಫಲವೇ ಕೈಜಾರುತ್ತಿತ್ತು.

ಹೀಗೆ ಕೈಕಟ್ಟಿಸಿಕೊಂಡು ಈಜಬೇಕಾದ ಸ್ಥಿತಿಯಲ್ಲಿ ರಂಗಾಚಾರ್ಲು ಅವರು ಕಾರ್ಯಾರಂಭ ಮಾಡಿದರು. 1879ರಿಂದಲೂ ರೆವಿನ್ಯೂ ಕಾರ್ಯದರ್ಶಿಗಳಾಗಿದ್ದುದರಿಂದ ಎಲ್ಲಿ ಕತ್ತರಿ ಹಾಕಬಹುದೆಂಬುದು ಅವರಿಗೆ ತಿಳಿದಿತ್ತು. ದಿವಾನರ ಅಧ್ಯಕ್ಷತೆಯಲ್ಲಿ ಒಂದು ಆಲೋಚನಾ ಸಭೆ ಏರ್ಪಟ್ಟಿತು. ಟಿ.ಆರ್.ಎ. ತಂಬುಚೆಟ್ಟಿ ಅವರೂ ಅದರಲ್ಲಿ ಇದ್ದರು. ದೊಡ್ಡ ಸಂಬಳದ ಹುದ್ದೆಗಳು ಕಡಮೆಯಾದವು. ಯೂರೋಪಿಯನ್ ಅಧಿಕಾರಿಗಳು ತೆರವುಮಾಡಿದ ಸ್ಥಾನಗಳಿಗೆ ಭಾರತೀಯರು ಬಂದರು. ಎಂಟು ಜಿಲ್ಲೆಗಳಲ್ಲಿ ಹಾಸನ ಮತ್ತು ಚಿತ್ರದುರ್ಗಗಳನ್ನು ರದ್ದುಪಡಿಸಿ ಆರೇ ಜಿಲ್ಲೆಗಳನ್ನು ಉಳಿಸಿದರು. ಕೆಲವು ತಾಲ್ಲೂಕುಗಳನ್ನೂ ಒಂದುಗೂಡಿಸಿದರು.

ಈ ಕೊನೆಯ ಕ್ರಮವು ಜನಪ್ರಿಯವಾಗಿರಲಾರದು. ಕಚೇರಿಯೊಂದನ್ನು ಮುಚ್ಚಿದರೆ ಸರಕಾರಕ್ಕೆ ಉಳಿತಾಯ. ಆದರೆ ಒಂದು ಪಹಣಿಗಾಗಿಯೋ ದಾವೆಗಾಗಿಯೋ ಬುತ್ತಿ ಕಟ್ಟಿಕೊಂಡು ಇನ್ನೂ ಎರಡು ದಿನ ಹೆಚ್ಚು ನಡೆಯಬೇಕಾದ ರೈತನಿಗೆ ಅದೇ ವೆಚ್ಚ. ಸರಕಾರದ ಲೆಕ್ಕದ ಪುಸ್ತಕದಲ್ಲಿ ಈ ವೆಚ್ಚ ಕಾಣುವುದಿಲ್ಲ. 1886ರಲ್ಲಿ, ಆರ್ಥಿಕ ಸ್ಥಿತಿ ಸ್ವಲ್ಪ ಸುಧಾರಿಸಿದ ಮೇಲೆ, ಎರಡು ಜಿಲ್ಲೆಗಳನ್ನೂ ಮತ್ತೆ ಸ್ಥಾಪಿಸಬೇಕಾಯಿತು. ಬೊಕ್ಕಸ ಬರಿದಾಗಿದ್ದಾಗ ಕೈಗೊಂಡ ಆ ಕ್ರಮವು ಆಪತ್ಕಾಲದ ಉಪಾಯವಾಗಿತ್ತೇ ಹೊರತು ಒಳ್ಳೆಯ ಆಡಳಿತದ ಮಾದರಿಯಾಗಿರಲಿಲ್ಲವೆಂದೇ ಹೇಳಬೇಕು.

ಖರ್ಚನ್ನು ಕಡಿಯುವುದರಲ್ಲಿಯೇ ಅವರ ದೃಷ್ಟಿ ನಿಂತುಬಿಟ್ಟಿದ್ದರೆ ರಂಗಾಚಾರ್ಲು ಅವರನ್ನು ಜಿಪುಣ ಲೆಕ್ಕಿಗರೆಂದು ಮರೆತುಬಿಡಬಹುದಾಗಿತ್ತು. ಬೇಸಾಯವನ್ನೊಂದೇ ನಂಬಿದ ನಾಡು ಮಳೆ ತಪ್ಪಿದೊಡನೆ ನೆಲಕಚ್ಚುತ್ತದೆಂಬುದನ್ನು ಕ್ಷಾಮವು ತೋರಿಸಿಕೊಟ್ಟಿತ್ತು. ಬೇಸಾಯದ ಜೊತೆಗೆ ಕೈಗಾರಿಕೆಗಳೂ ಬೆಳೆಯಬೇಕು, ಸರಕು ಸಾಗಲು ರೈಲುದಾರಿ ಬೇಕು ಎಂಬುದು ಅವರ ಖಚಿತವಾದ ನಿಲುವು. ಕ್ಷಾಮದ ವರ್ಷಗಳಲ್ಲಿ ಆರಂಭವಾಗಿದ್ದ ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸ ಅವರ ಕಾಲದಲ್ಲಿ, 1882ರಲ್ಲಿ, ಪೂರ್ಣವಾಗಿ ಗಾಡಿ ಮೈಸೂರನ್ನು ಮುಟ್ಟಿತು. ತುಮಕೂರಿನ ಕಡೆಗೆ ಹಾಕಿದ ದಾರಿ 1884ರಲ್ಲಿ ಸಂಚಾರಕ್ಕೆ ತೆರೆಯಿತು. ಅದನ್ನು ನೋಡಲು ಅವರು ಉಳಿದಿರಲಿಲ್ಲ. ಹೆಣ್ಣುಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿಯೂ ಅವರದು ಉದಾರವಾದ ಮನೋಭಾವ. ಮೈಸೂರಿನ ಮಹಾರಾಣಿ ಬಾಲಿಕಾ ಪಾಠಶಾಲೆ ಅಂಬಳೆ ನರಸಿಂಹ ಅಯ್ಯಂಗಾರ್ ಅವರ ಶ್ರಮದಿಂದ 1881ರಲ್ಲಿ ಆರಂಭವಾಯಿತು.

ಆದರೆ ರಂಗಾಚಾರ್ಲು ಅವರ ಹೆಸರು ಇಂದಿಗೂ ಉಳಿದಿರುವುದು ಇವುಗಳಿಂದಲ್ಲ. ಅಧಿಕಾರ ವಹಿಸಿಕೊಂಡ ಐದೇ ತಿಂಗಳಿಗೆ, 1881ರ ಆಗಸ್ಟ್ 25ರಂದು, ಮಹಾರಾಜರ ಸರಕಾರದಿಂದ ಒಂದು ಆಜ್ಞೆ ಹೊರಟಿತು. ಪ್ರತಿ ತಾಲ್ಲೂಕಿನಿಂದಲೂ ತಿಳಿವಳಿಕೆಯುಳ್ಳ, ಜನರಲ್ಲಿ ವಿಶ್ವಾಸ ಗಳಿಸಿದ ಒಬ್ಬರು ಅಥವಾ ಇಬ್ಬರು ಬೇಸಾಯಗಾರರನ್ನೂ, ಪ್ರತಿ ಜಿಲ್ಲೆಯಿಂದ ಮೂವರು ಅಥವಾ ನಾಲ್ವರು ಪ್ರಮುಖ ವರ್ತಕರನ್ನೂ ಸ್ಥಳೀಯ ಮಂಡಲಿಗಳು ಆರಿಸಿ ದಸರಾ ಕಾಲಕ್ಕೆ ಮೈಸೂರಿಗೆ ಕಳುಹಿಸಬೇಕು. ಸರಕಾರ ಹಿಂದಿನ ವರ್ಷ ಏನು ಮಾಡಿತು, ಮುಂದೆ ಏನು ಮಾಡಲಿದೆ ಎಂಬುದನ್ನು ಅವರಿಗೆ ತಿಳಿಸಲಾಗುವುದು. ಅವರು ತಮ್ಮ ಕಡೆಯ ಜನರ ಅಗತ್ಯಗಳನ್ನೂ ಕುಂದುಕೊರತೆಗಳನ್ನೂ ಅರಿಕೆ ಮಾಡಬಹುದು ಎಂಬುದು ಆ ಆಜ್ಞೆಯ ಸಾರಾಂಶ. ಇದೇ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಹುಟ್ಟು.

ಸಭೆಯ ಮೊದಲನೆಯ ಅಧಿವೇಶನ ಅದೇ ಅಕ್ಟೋಬರ್ 7ರಂದು ಸೇರಿತು. ಬಂದವರು 144 ಮಂದಿ. ರೈಲು ಆಗ ಮೈಸೂರನ್ನು ಮುಟ್ಟಿರಲಿಲ್ಲವಾದುದರಿಂದ ದೂರದ ಮಲೆನಾಡಿನ ತಾಲ್ಲೂಕುಗಳವರಿಗೆ ಅದು ಹಲವು ದಿನಗಳ ಪ್ರಯಾಣ. ಅಮಲ್ದಾರನ ಮುಂದೆಯೇ ತಲೆಯೆತ್ತಿ ಮಾತನಾಡಿ ಅಭ್ಯಾಸವಿಲ್ಲದ ಗ್ರಾಮಸ್ಥರು ಅಂದು ರಾಜ್ಯದ ದಿವಾನರ ಎದುರಿಗೆ ಸಾಲಾಗಿ ಕುಳಿತರು. ದಿವಾನರು ಸಂಸ್ಥಾನದ ಆದಾಯ, ವೆಚ್ಚ, ಸಾಲ, ರೈಲುದಾರಿ, ಕೈಗಾರಿಕೆ ಎಲ್ಲವನ್ನೂ ಒಂದೊಂದಾಗಿ ಅವರ ಮುಂದೆ ಬಿಚ್ಚಿಟ್ಟರು. ಅಲ್ಲಿಯವರೆಗೆ ಬೊಕ್ಕಸದ ಲೆಕ್ಕವು ಅರಮನೆ ಮತ್ತು ಕಚೇರಿಗಳ ಒಳಗಿನ ಮಾತಾಗಿತ್ತು. ಕಂದಾಯ ಕೊಡುವವನಿಗೆ ಆ ಕಂದಾಯವು ಏನಾಯಿತೆಂದು ಕೇಳುವ ದಾರಿಯೇ ಇರಲಿಲ್ಲ.

ಈ ಸಭೆಯನ್ನು ಇಂದಿನ ವಿಧಾನಸಭೆಯೊಡನೆ ಹೋಲಿಸಬಾರದು. ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆಯವ್ಯಯವನ್ನು ತಿರಸ್ಕರಿಸುವ ಅಧಿಕಾರವೂ ಇರಲಿಲ್ಲ. ಸದಸ್ಯರು ಜನರಿಂದ ಚುನಾಯಿತರಾದವರಲ್ಲ. ಭೂಮಿಯಿಲ್ಲದ ಕೂಲಿಗಾರನಿಗೂ ಸ್ತ್ರೀಯರಿಗೂ ಅಲ್ಲಿ ಸ್ಥಾನವಿರಲಿಲ್ಲ. ಇಷ್ಟು ಕೊರತೆಗಳಿದ್ದರೂ ಅದು ಸಣ್ಣ ಹೆಜ್ಜೆಯಲ್ಲ. ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆ ಅದೇ ಮೊದಲನೆಯದು. ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಮುಂಬಯಿಯಲ್ಲಿ ನಡೆದದ್ದು ನಾಲ್ಕು ವರ್ಷಗಳ ತರುವಾಯ, 1885ರಲ್ಲಿ. ಅಲ್ಲಿ ಸೇರಿದ್ದವರು 72 ಪ್ರತಿನಿಧಿಗಳು. ಇನ್ನು ಆಡಳಿತದ ಮಟ್ಟಿಗೆ ಹೇಳುವುದಾದರೆ, ಕೆರೆಯ ತೂಬು ಒಡೆದುದನ್ನು ಅಧಿಕಾರಿ ಮರೆಮಾಚಿದರೂ ಆ ಊರಿನ ರೈತನು ವರ್ಷಕ್ಕೊಮ್ಮೆ ದಿವಾನರ ಎದುರಿಗೇ ನಿಂತು ಅದನ್ನು ಹೇಳಬಲ್ಲನೆಂಬ ಸ್ಥಿತಿ ಒದಗಿತು. ಹಸ್ತಾಂತರ ಪತ್ರದ ಷರತ್ತುಗಳಲ್ಲಿ ಒಂದನ್ನೂ ಮುರಿಯದೆ ರಂಗಾಚಾರ್ಲು ಅವರು ಈ ಕೆಲಸವನ್ನು ಸಾಧಿಸಿದರು. ಕಾನೂನನ್ನು ಅವರು ತಿದ್ದಲಿಲ್ಲ, ಇಲಾಖೆಗಳ ಕಟ್ಟನ್ನು ಕದಲಿಸಲಿಲ್ಲ. ಆಳುವವರು ಆಳಿಸಿಕೊಳ್ಳುವವರಿಗೆ ಲೆಕ್ಕ ಒಪ್ಪಿಸುವ ಪದ್ಧತಿಯೊಂದನ್ನು ಮಾತ್ರ ಹೊಸದಾಗಿ ಸೇರಿಸಿದರು.

1882ರಲ್ಲಿ ಸಭೆಯು ಎರಡನೆಯ ಬಾರಿ ಸೇರಿತು. ರಂಗಾಚಾರ್ಲು ಅವರು ಅದನ್ನು ಎದುರಿಸಿದ್ದು ಅದೇ ಕಡೆಯ ಸಲ. ಅವರ ಆರೋಗ್ಯ ಕೆಟ್ಟಿತು. 1883ರ ಜನವರಿ 20ರಂದು ಮದರಾಸಿನಲ್ಲಿ ಅವರು ಕಾಲವಾದರು. ದಿವಾನಗಿರಿಯನ್ನು ವಹಿಸಿಕೊಂಡು ಆಗ ಎರಡು ವರ್ಷಗಳೂ ತುಂಬಿರಲಿಲ್ಲ. ಸಾಲ ತೀರಿರಲಿಲ್ಲ, ತುಮಕೂರಿನ ರೈಲು ಓಡಿರಲಿಲ್ಲ, ಸಭೆಯು ಬೇರುಬಿಡುವುದೋ ಒಣಗುವುದೋ ಎಂಬುದನ್ನು ಯಾರೂ ಹೇಳುವಂತಿರಲಿಲ್ಲ.

ಅವರ ಸ್ಥಾನಕ್ಕೆ ಬಂದವರು ಕಲ್ಲಿಕೋಟೆಯಿಂದ ಅವರ ಜಾಡಿನಲ್ಲಿ ಬಂದಿದ್ದ ಶೇಷಾದ್ರಿ ಅಯ್ಯರ್ ಅವರು. ಅವರು 18 ವರ್ಷಗಳ ಕಾಲ ದಿವಾನರಾಗಿದ್ದು ಸಂಸ್ಥಾನವನ್ನು ಸಾಲದ ಸಂಕಟದಿಂದ ಪಾರುಮಾಡಿದರು. ಸಭೆಯನ್ನು ಅವರು ಕೈಬಿಡಲಿಲ್ಲ. 1891ರಲ್ಲಿ ಸದಸ್ಯರನ್ನು ಚುನಾವಣೆಯಿಂದ ಆರಿಸುವ ಪದ್ಧತಿ ಬಂದಿತು. ಮತದ ಹಕ್ಕು ಮಾತ್ರ ಆಸ್ತಿವಂತರಿಗೂ ವಿದ್ಯಾವಂತರಿಗೂ ಸೀಮಿತವಾಗಿತ್ತು. 1907ರಲ್ಲಿ ಅದರ ಜೊತೆಗೆ ನ್ಯಾಯವಿಧಾಯಕ ಸಭೆಯೊಂದು ಏರ್ಪಟ್ಟಿತು. ಪ್ರಜಾಪ್ರತಿನಿಧಿ ಸಭೆಯು ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ವಿಸರ್ಜನೆಗೊಂಡಿತು.

ಮೈಸೂರಿನ ದೊಡ್ಡ ಗಡಿಯಾರದ ಸಮೀಪದಲ್ಲಿ, ಸಾಲು ಕಂಬಗಳ ಮುಂಭಾಗವುಳ್ಳ ಒಂದು ಬಿಳಿಯ ಕಟ್ಟಡವಿದೆ. ರಂಗಾಚಾರ್ಲು ಅವರ ನೆನಪಿಗಾಗಿ 1884ರಲ್ಲಿ ಅದಕ್ಕೆ ಅಸ್ತಿಭಾರ ಹಾಕಲಾಯಿತು. ಅದರ ನಿಜವಾದ ಹೆಸರು ರಂಗಾಚಾರ್ಲು ಸ್ಮಾರಕ ಭವನ. ಊರಿನವರು ಅದನ್ನು ಪುರಭವನವೆಂದು ಕರೆಯುತ್ತಾರೆ. ನಾಟಕಗಳೂ ಸಭೆಗಳೂ ಅಲ್ಲಿ ನಡೆಯುತ್ತವೆ.